ಬಲಗಾಲಿನ ಬಿಸಿ, ಊದುಬತ್ತಿ, ಒಂದು ಅಲ್ಯೂಮಿನಿಯಂ ತಗಡು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಬೈಕ್ ಓವರ್‌ಹೀಟ್ ಆಗ್ತಿರ್ಲಿಲ್ಲ. ಮೀಟರ್‌ನಲ್ಲಿ ಟೆಂಪರೇಚರ್ ಕಡ್ಡಿ, ನಾನು ಕೈ ಹಾಕೋ ಮುಂಚೆ, ಯಾವತ್ತೂ ಮೇಲಕ್ಕೆ ಹೋಗಿರ್ಲಿಲ್ಲ, ಇಂಜಿನ್ ಆರಾಮಾಗಿತ್ತು, ಬೇಯ್ತಾ ಇದ್ದಿದ್ದು ನನ್ನ ಬಲಗಾಲು. ಈ ಎರಡೂ ಬೇರೆ ಬೇರೆ ತೊಂದ್ರೆ ಅಂತ ಗೊತ್ತಾಗೋಕೆ ಸುಮಾರು ಐದು ವಾರ, ಎರಡು ಸಾವಿರದ ಮೇಲೆ ದಂಡದ ಖರ್ಚು ಹಿಡೀತು. ಬೇರೆಯವ್ರಿಗೆ ಅಷ್ಟು ಹಿಡಿಯೋದು ಬೇಡ ಅಂತ ಬರ್ದಿಡ್ತಾ ಇದ್ದೀನಿ.

ಗಾಡಿ 2021ರ ಮಾಡೆಲ್ಲು, 400 ಸಿಸಿ ಹತ್ರದ ಸಿಂಗಲ್ ಸಿಲಿಂಡರ್, ಲಿಕ್ವಿಡ್ ಕೂಲ್ಡ್, ಬಿಎಸ್-6 (ಹೊಗೆ ನಿಯಮದ ಹಂತ), ಓಡಿರೋದು 38 ಸಾವಿರ ಕಿ.ಮೀ., ಸೈಲೆನ್ಸರ್ ಬಲಗಡೆ. ಹೈವೇನಲ್ಲಿ ಏನೂ ಗೊತ್ತಾಗಲ್ಲ. ಸಂಜೆ ಬೆಂಗಳೂರಿನ ಟ್ರಾಫಿಕ್ಕಲ್ಲಿ ಹೆಬ್ಬಾಳ, ಗೊರಗುಂಟೆಪಾಳ್ಯ ದಾಟೋಷ್ಟ್ರಲ್ಲಿ ಮೊಣಕಾಲಿನ ಕೆಳಗೆ ಪ್ಯಾಂಟ್ ಇಸ್ತ್ರಿ ಪೆಟ್ಟಿಗೆ ಮುಟ್ಟಿದಂಗೆ ಸುಡುತ್ತೆ. 2024ರ ಫೆಬ್ರವರಿ ಕೊನೇಲಿ ತುಮಕೂರಿಂದ ವಾಪಸ್ ಬರ್ತಾ ನೆಲಮಂಗಲದ ಹತ್ರ ಮುಕ್ಕಾಲು ಗಂಟೆ ನಿಂತು, ಮನೆಗೆ ಬಂದು ನೋಡಿದ್ರೆ ಕಾಲಿನ ಪಕ್ಕ ಅಂಗೈ ಅಗಲ ಕೆಂಪಾಗಿತ್ತು, ಎರಡು ದಿನ ಉರೀತು. ಮೇ 7ಕ್ಕೆ ಲೋಕಸಭೆ ಎಲೆಕ್ಷನ್ ಇತ್ತು, ನಂದೂ ನನ್ನ ಹೆಂಡ್ತಿದೂ ವೋಟು ಕೊಪ್ಪಳ ಜಿಲ್ಲೆ ಕುಷ್ಟಗೀಲಿ, ಬೆಂಗಳೂರಿಂದ 400 ಕಿ.ಮೀ. ದಾಟುತ್ತೆ, ಅಲ್ಲಿ ಮೇ ಬಿಸಿಲು ಗೊತ್ತಲ್ಲ. ಅಷ್ಟ್ರಲ್ಲಿ ಸರಿ ಮಾಡ್ಬೇಕು ಅಂತ ಶುರು ಮಾಡ್ದೆ.

1. ಮಾರ್ಚ್ 10, ಭಾನುವಾರ: ಅಳತೆ

ದೂರದಿಂದ್ಲೇ ಬಿಸಿ ಅಳೆಯೋ ಇನ್‌ಫ್ರಾರೆಡ್ ಗನ್ ತಗೊಂಡೆ, 1,150 ರೂ. ಹಿಂದಿನ ಚಕ್ರ ಎತ್ತಿ ನಿಲ್ಸೋ ಪ್ಯಾಡಕ್ ಸ್ಟ್ಯಾಂಡ್ ಮೇಲೆ ಗಾಡಿ ನಿಲ್ಸಿ, ರೇಡಿಯೇಟರ್ ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗೋವರೆಗೂ ಐಡಲ್‌ನಲ್ಲಿ ಬಿಟ್ಟು ಒಂದೊಂದೇ ಜಾಗ ಬರ್ಕೊಂಡೆ. ಕ್ಲಚ್ ಕವರ್ 92 ಡಿಗ್ರಿ, ಬಲಗಡೆ ಪ್ಲಾಸ್ಟಿಕ್ ಪ್ಯಾನೆಲ್‌ನ ಒಳಮೈ 71, ಮೊಣಕಾಲು ತಾಗೋ ಫ್ರೇಮ್ 63, ಎಕ್ಸಾಸ್ಟ್ ಬೆಂಡ್ ಪೈಪು 240ರ ಮೇಲೆ. ಹೊರಗೆ 33 ಇತ್ತು.

240 ನೋಡಿದ್ ತಕ್ಷಣ ತಲೇಲಿ ಪೈಪೇ ಕಳ್ಳ ಅಂತ ಕೂತ್ಬಿಡ್ತು. ಬಿಎಸ್-6 ಗಾಡೀಲಿ ಹೊಗೆ ಶುದ್ಧ ಮಾಡೋ ಕ್ಯಾಟ್‌ಕಾನ್ ಬೇಗ ಬಿಸಿಯಾಗ್ಲಿ ಅಂತ ಇಂಜಿನ್ ಹತ್ರಾನೇ ಇಟ್ಟಿರ್ತಾರೆ, ನನ್ನ ಗಾಡೀಲಿ ಅದು ಇಂಜಿನ್ ಹೊಟ್ಟೆ ಕೆಳಗೇ ಇದೆ, ಹಾಗಾಗಿ ಅನುಮಾನ ಇನ್ನೂ ಗಟ್ಟಿಯಾಯ್ತು.

2. ಮಾರ್ಚ್ 17: ಎಕ್ಸಾಸ್ಟ್ ರ್‍ಯಾಪ್ (ಮಾಡ್ಬಾರ್ದಿತ್ತು)

ಪೈಪಿನ ಬಿಸಿ ಹೊರಗೆ ಬರದಂಗೆ ಸುತ್ತೋಕೆ 50 ಎಂಎಂ ಅಗಲ, 5 ಮೀಟರ್ ಉದ್ದದ ಬಸಾಲ್ಟ್ ನಾರಿನ ಪಟ್ಟಿ, ಸ್ಟೀಲ್ ಟೈ ಸೇರಿ 900 ರೂ. ಕೈಗೆ ಗ್ಲೌಸ್, ತುಂಬು ತೋಳಿನ ಶರ್ಟ್ ಹಾಕ್ಕೊಂಡು ಮಾಡ್ದೆ, ಇಲ್ಲಾಂದ್ರೆ ಆ ನಾರು ಚರ್ಮಕ್ಕೆ ಚುಚ್ಕೊಂಡು ರಾತ್ರಿಯೆಲ್ಲ ತುರಿಸುತ್ತೆ. 10 ಎಂಎಂ ಬೋಲ್ಟ್ ಎರಡು ಬಿಚ್ಚಿ ಗಾರ್ಡ್ ತೆಗ್ದು, ಪ್ರತಿ ಸುತ್ತಿಗೂ ಮೂರನೇ ಒಂದು ಭಾಗ ಹಿಂದಿನ ಸುತ್ತಿನ ಮೇಲೆ ಬರೋಹಂಗೆ ಬಿಗಿಯಾಗಿ ಎಳೆದು ಸುತ್ತಿದೆ. ಮೂರು ಗಂಟೆ ಆಯ್ತು. ಮೊದಲ ಓಟದಲ್ಲಿ ಹೊಗೆ, ಸುಟ್ಟ ವಾಸನೆ ಬರುತ್ತೆ, ಅದು ಇಪ್ಪತ್ತು ನಿಮಿಷದಲ್ಲಿ ನಿಲ್ಲುತ್ತೆ, ಅದಕ್ಕೆ ಹೆದರೋದು ಬೇಡ.

ಹೆದರ್ಬೇಕಾಗಿದ್ದು ಬೇರೆ. ಪೈಪ್ ಮೇಲೆ ಆಕ್ಸಿಜನ್ ಸೆನ್ಸರ್ ಇರುತ್ತಲ್ಲ, ಅದರ ವೈರ್‌ನ ಕ್ಲಿಪ್ ಬಿಡಿಸಿದ್ದವನು ವಾಪಸ್ ಹಾಕೋದು ಮರ್ತಿದ್ದೆ, ವೈರು ಪೈಪಿಗೆ ತಾಗಿ ಮೂರನೇ ದಿನ ವೈರಿನ ಮೇಲಿನ ಹೊದಿಕೆ ಕರಗಿ ಇಂಜಿನ್ ಲೈಟ್ ಹತ್ಕೊಂತು. ಒಳಗಿನ ತಾಮ್ರಕ್ಕೆ ಏನೂ ಆಗಿರ್ಲಿಲ್ಲ, ಶಾಖ ತಡೆಯೋ ಫೈಬರ್‌ಗ್ಲಾಸ್ ಹೊದಿಕೆ ತಂದು ಹಾಕಿ ಲೈಟ್ ಕ್ಲಿಯರ್ ಮಾಡ್ಸಿದೆ, 450 ರೂ. ಹೋಯ್ತು. ಇಷ್ಟಾದ್ಮೇಲೂ ಕಾಲಿಗೆ ವ್ಯತ್ಯಾಸ ಅಂದ್ರೆ ಪಾದದ ಹತ್ರ ಸ್ವಲ್ಪ ಕಡಿಮೆ ಅನ್ನಿಸ್ತು, ಮೊಣಕಾಲಿನ ಕೆಳಗೆ ಅದೇ ಉರಿ. ಮೇಲಾಗಿ ಮಳೇಲಿ ಈ ಪಟ್ಟಿ ನೀರು ಹಿಡ್ಕೊಂಡು ಕೂತ್ರೆ ಪೈಪು ಒಳಗೊಳಗೇ ತುಕ್ಕು ಹಿಡಿಯುತ್ತೆ. ನಾನು ಕ್ಯಾಟ್‌ಕಾನ್ ಮೇಲೆ ಸುತ್ತಲಿಲ್ಲ, ಯಾರೂ ಸುತ್ತಬೇಡಿ, ಅದು ಮೊದ್ಲೇ ಕೆಂಡದಂಥಾದ್ದು, ಅದರ ಬಿಸಿ ಹೊರಗೆ ಹೋಗ್ಲೇಬೇಕು. ಮುಂದಿನ ಭಾನುವಾರ ಪೂರ್ತಿ ಬಿಚ್ಚಿ ಎಸೆದೆ.

3. ಮಾರ್ಚ್ 24: ಬೆಳ್ಳಿ ಹಾಳೆ, ಸುಳ್ಳು ಅಳತೆ

ಅಂಟು ಇರೋ ಅಲ್ಯೂಮಿನಿಯಂ ಶೀಟ್ ಒಂದು ತಂದು, 700 ರೂ., ಬಲ ಪ್ಯಾನೆಲ್ ಬಿಚ್ಚಿ ಒಳಗಡೆ ಪೂರ್ತಿ ಅಂಟಿಸಿದೆ. ಗಾಡಿ ಬಿಸಿ ಮಾಡಿ ಗನ್ ಹಿಡಿದ್ರೆ 44 ಡಿಗ್ರಿ! ಮೊದ್ಲು 71 ಇದ್ದಿದ್ದು 44. ಖುಷಿಗೆ ಫೋಟೋ ತೆಗೆದು ಗೆಳೆಯರಿಗೆಲ್ಲ ಕಳ್ಸಿದೆ, ಆಮೇಲೆ ಅಂಚು ಸರಿ ಅಂಟಿದ್ಯಾ ಅಂತ ಬೆರಳಿಟ್ಟು ಒತ್ತಿದೆ, ಬೆರಳು ಸುಟ್ಟು ಗುಳ್ಳೆ ಬಂತು. 44 ಡಿಗ್ರಿ ಮೇಲೆ ಒಂದು ಕ್ಷಣ ಬೆರಳಿಟ್ರೆ ಯಾರಿಗೂ ಗುಳ್ಳೆ ಬರಲ್ಲ.

ಈ ಗನ್ ನೋಡೋದು ವಸ್ತು ಹೊರಗೆ ಸೂಸೋ ಶಾಖಾನ. ಹೊಳೆಯೋ ಅಲ್ಯೂಮಿನಿಯಂ ಸೂಸೋದೇ ತೀರ ಕಮ್ಮಿ, ಕನ್ನಡಿ ಥರ ಎದುರಿಗಿರೋ ಗೋಡೆ ಬಿಸೀನೇ ತೋರಿಸ್ಬಿಡುತ್ತೆ. ಅದೇ ಹಾಳೆ ಮೇಲೆ ಎರಡಿಂಚು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಒಂದು ನಿಮಿಷ ಬಿಟ್ಟು ಟೇಪ್ ಮೇಲೆ ಗನ್ ಹಿಡಿದೆ: 68. ಅಂದ್ರೆ 700 ರೂಪಾಯಿಗೆ ಸಿಕ್ಕಿದ್ದು ಮೂರು ಡಿಗ್ರಿ. ಹೊಳೆಯೋ ಯಾವ ಲೋಹ ಅಳೀಬೇಕಾದ್ರೂ ಮೊದ್ಲು ಟೇಪ್ ಹಾಕಿ ಅಳೀರಿ, ಈ ಒಂದು ಮಾತಿಗೋಸ್ಕರ ಇದನ್ನೆಲ್ಲ ಬರೆದ್ರೂ ನಂಗೆ ಸಾರ್ಥಕ. ನಾನು ಮಾರ್ಚ್ 10ಕ್ಕೆ ತೆಗೆದ ಪೈಪಿನ ಅಳತೇನೂ ಈ ಲೆಕ್ಕಕ್ಕೆ ನಂಬೋಹಂಗಿರ್ಲಿಲ್ಲ.

ಆಮೇಲೆ ಎಸ್.ಪಿ. ರೋಡಿಗೆ ಹೋಗಿ ಮಲ್ಟಿಮೀಟರ್‌ಗೆ ಹಾಕೋ ಥರ್ಮೋಕಪಲ್ ವೈರ್ (ತುದಿ ತಾಗಿದ ಜಾಗದ ಬಿಸಿ ಅಳೆಯೋದು) ತಂದೆ, 250 ರೂ. ತುದೀಲಿ ಸಾಸಿವೆ ಕಾಳಿನಷ್ಟು ಗುಂಡು ಇರುತ್ತೆ. ಅದನ್ನ ಪ್ಯಾಂಟಿನ ಹೊರಗೆ, ಸುಟ್ಟಿದ್ದ ಜಾಗಕ್ಕೇ ಸರಿಯಾಗಿ ಬಟ್ಟೆ ಟೇಪಲ್ಲಿ ಅಂಟಿಸಿ, ಮಲ್ಟಿಮೀಟರನ್ನ ಟ್ಯಾಂಕ್ ಬ್ಯಾಗ್ ಮೇಲಿನ ಪ್ಲಾಸ್ಟಿಕ್ ಜೇಬಲ್ಲಿಟ್ಟು ಆಫೀಸಿಗೆ ಹೋಗಿ ಬಂದೆ. ಓಡ್ತಾ ಇದ್ರೆ 37, 38. ಸಿಗ್ನಲ್‌ನಲ್ಲಿ ನಿಂತ್ರೆ ನಿಧಾನಕ್ಕೆ 43. ಫ್ಯಾನ್ ಆನ್ ಆದ ಇಪ್ಪತ್ತೇ ಸೆಕೆಂಡಿಗೆ 58. ಫ್ಯಾನ್ ನಿಂತ್ರೆ ಮತ್ತೆ ಇಳಿಯುತ್ತೆ. ಪೈಪು ಹೀಗೆ ಇಪ್ಪತ್ತು ಸೆಕೆಂಡಲ್ಲಿ ಏರಿಳಿಯಲ್ಲ. ಕಾಲು ಸುಡ್ತಿದ್ದಿದ್ದು ಪೈಪಲ್ಲ, ಗಾಳಿ.

4. ಮಾರ್ಚ್ 31: ರೇಡಿಯೇಟರ್, ಕೂಲೆಂಟ್

ಗಾಳಿ ಅಂತ ಗೊತ್ತಾದ್ಮೇಲೆ ಮೊದ್ಲು ಫ್ಯಾನ್ ಇಷ್ಟು ಸಲ ಯಾಕೆ ಆನ್ ಆಗ್ತಿದೆ ಅಂತ ನೋಡೋಣ ಅನ್ನಿಸ್ತು. ಸ್ಟಾಪ್‌ವಾಚ್ ಹಿಡಿದೆ, ಐಡಲ್‌ನಲ್ಲಿ 10 ನಿಮಿಷಕ್ಕೆ ಫ್ಯಾನ್ 7 ನಿಮಿಷ ತಿರುಗ್ತಾ ಇತ್ತು. ಹೋದ ವರ್ಷ ಕಲ್ಲು ಹೊಡೀದೇ ಇರ್ಲಿ ಅಂತ ನಾನೇ ಹಾಕ್ಸಿದ್ದ ಸಣ್ಣ ಕಣ್ಣಿನ ಜಾಲರಿ ಗಾರ್ಡ್ ಬಿಚ್ಚಿದೆ, ಅದರ ಹಿಂದೆ ಕೆಂಪು ಮಣ್ಣು, ಹುಳ, ಬಿಸ್ಕತ್ ಪ್ಯಾಕೆಟ್ಟಿನ ಚೂರು, ಎಲ್ಲ ಸೇರಿ ಕೆಳಗಿನ ಕಾಲುಭಾಗ ಮುಚ್ಚೇ ಹೋಗಿತ್ತು. ಜಾಲರಿ ಕಣ್ಣು ಅಷ್ಟು ಸಣ್ಣದು ತಗೋಬಾರ್ದು. ವಾಟರ್ ಸರ್ವೀಸ್‌ನವ್ರ ಪ್ರೆಷರ್ ಗನ್ ಇದಕ್ಕೆ ಬೇಡ, ರೇಡಿಯೇಟರಿನ ತೆಳು ತಗಡಿನ ಫಿನ್ನುಗಳು ಮಲಗಿಬಿಡ್ತವೆ. ಗಿಡಕ್ಕೆ ಹಾಕೋ ಪೈಪಲ್ಲಿ ನಿಧಾನಕ್ಕೆ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟೆ, ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿದೆ, ಮಲಗಿದ್ದ ಫಿನ್ನುಗಳನ್ನ ಪ್ಲಾಸ್ಟಿಕ್ ಹಲ್ಲುಕಡ್ಡೀಲಿ ಒಂದೊಂದೇ ಎಬ್ಬಿಸಿದೆ. ಎರಡೂವರೆ ಗಂಟೆ, ಕುತ್ತಿಗೆ ಹಿಡ್ಕೊಂತು, ಆದ್ರೆ ಇಡೀ ಕೆಲಸದಲ್ಲಿ ದುಡ್ಡಿಲ್ಲದೆ ಅತಿ ಹೆಚ್ಚು ಲಾಭ ಕೊಟ್ಟಿದ್ದು ಇದೇ.

ಇಂಜಿನ್ ತಂಪು ಮಾಡೋ ದ್ರವ, ಕೂಲೆಂಟ್, ಹಸಿರು ಹೋಗಿ ಚಹಾ ಬಣ್ಣ ಆಗಿತ್ತು. ಅದು ನನ್ನದೇ ತಪ್ಪು, ಹೋದ ವರ್ಷ ಒಂದು ಟ್ರಿಪ್‌ನಲ್ಲಿ ಕೂಲೆಂಟಿನ ರಿಸರ್ವ್ ಟ್ಯಾಂಕ್ ಖಾಲಿ ಕಂಡಾಗ ಡಾಬಾದ ಬೋರ್‌ವೆಲ್ ನೀರು ಹಾಕಿ ಹಾಗೇ ಬಿಟ್ಟಿದ್ದೆ. ಗಡಸು ನೀರು ಒಳಗೆ ಬಿಳಿ ಪೊರೆ ಕಟ್ಟುತ್ತೆ. ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಕ್ಯಾಪ್ ತೆಗ್ದು ಇಳಿಸಿ (ಬಿಸಿ ಇದ್ದಾಗ ಕ್ಯಾಪ್ ಮುಟ್ಲೇಬೇಡಿ, ಮುಖಕ್ಕೆ ಚಿಮ್ಮುತ್ತೆ), ಎರಡು ಸಲ ಡಿಸ್ಟಿಲ್ಡ್ ವಾಟರ್ ಹಾಕಿ ಓಡಿಸಿ ತೊಳ್ದು, ಅರ್ಧಕ್ಕರ್ಧ ಬೆರೆಸಿದ ರೆಡಿಮೇಡ್ ಕೂಲೆಂಟ್ ತುಂಬಿದೆ, ಸುಮಾರು 1.3 ಲೀಟರ್ ಹಿಡೀತು. ಕೂಲೆಂಟ್, ನೀರು ಸೇರಿ 640 ರೂ.

ಇಲ್ಲಿ ಇನ್ನೊಂದು ತಪ್ಪಾಯ್ತು. ತುಂಬಿ ತಕ್ಷಣ ಕ್ಯಾಪ್ ಹಾಕಿ ಓಡಿಸ್ಬಿಟ್ಟೆ, ಒಳಗೆ ಗಾಳಿ ಸಿಕ್ಕಿಹಾಕ್ಕೊಂಡಿತ್ತು. ಮೀಟರ್ ಕಡ್ಡಿ ಏರ್ತಾ ಇದೆ, ರೇಡಿಯೇಟರ್ ಮೇಲಿನ ಹೋಸ್ ಮುಟ್ಟಿದ್ರೆ ತಣ್ಣಗಿದೆ, ಫ್ಯಾನೂ ಬರ್ತಿಲ್ಲ. ತಕ್ಷಣ ಆಫ್ ಮಾಡ್ದೆ. ಎರಡು ಗಂಟೆ ಆರೋಕೆ ಬಿಟ್ಟು, ಕ್ಯಾಪ್ ತೆಗ್ದು, ಗಾಡೀನ ಎಡಕ್ಕೆ ಬಲಕ್ಕೆ ವಾಲಿಸ್ತಾ ಹೋಸ್ ಹಿಂಡ್ತಾ ಹೋದೆ, ಗುಳುಗುಳು ಅಂತ ಗುಳ್ಳೆ ಬಂದು ಮತ್ತೆ 150 ಎಂಎಲ್ ಹಿಡೀತು. ಆಮೇಲೆ ಸರಿಯಾಯ್ತು, 10 ನಿಮಿಷದಲ್ಲಿ ಫ್ಯಾನ್ ತಿರುಗೋದು 7ರಿಂದ 4 ನಿಮಿಷಕ್ಕೆ ಇಳೀತು. ಆದ್ರೆ ತಿರುಗಿದಾಗ ಕಾಲಿಗೆ 57. ಸುಡೋ ಹೊತ್ತು ಕಮ್ಮಿ ಆಯ್ತು, ಸುಡೋದು ಹಾಗೇ ಉಳೀತು.

5. ಏಪ್ರಿಲ್ 9, ಯುಗಾದಿ: ಊದುಬತ್ತಿ

ಹಬ್ಬದ ದಿನ ಪೂಜೆ ಮುಗ್ಸಿ ಕೂತಿದ್ದಾಗ ದೇವರ ಮುಂದಿನ ಊದುಬತ್ತಿ ಹೊಗೆ ಸೀಲಿಂಗ್ ಫ್ಯಾನ್ ಗಾಳಿಗೆ ಬಾಗೋದು ನೋಡ್ತಾ ಇದ್ದೆ, ತಲೆಗೆ ಹೊಳೀತು. ನಾಲ್ಕು ಊದುಬತ್ತಿ ಒಟ್ಟಿಗೆ ಹಚ್ಚಿ ಪಾರ್ಕಿಂಗ್‌ಗೆ ಇಳಿದೆ. ಟ್ಯಾಂಕ್ ಕ್ಯಾಪ್ ಭದ್ರ ಇದ್ಯಾ, ಎಲ್ಲೂ ಪೆಟ್ರೋಲ್ ಒಸರ್ತಿಲ್ಲ ಅಲ್ವಾ ಅಂತ ನೋಡ್ಕೊಂಡು, ಹೆಂಡ್ತಿ ಕೈಗೆ ನೀರಿನ ಬಕೆಟ್ಟು ಕೊಟ್ಟು ಪಕ್ಕ ನಿಲ್ಸಿ, ಗಾಡಿ ಸ್ಟಾರ್ಟ್ ಮಾಡ್ದೆ. ಫ್ಯಾನ್ ಆನ್ ಆದ ತಕ್ಷಣ ರೇಡಿಯೇಟರ್ ಸುತ್ತ ಊದುಬತ್ತಿ ನಿಧಾನಕ್ಕೆ ಓಡಿಸ್ದೆ.

ಎಡಗಡೆ ಹೊಗೆ ಕೆಳಗೆ ಎಳ್ಕೊಂಡು ಇಂಜಿನ್ ಅಡಿಗೆ ಹೋಗುತ್ತೆ. ಬಲಗಡೆ ಪ್ಯಾನೆಲ್‌ಗೂ ಫ್ರೇಮ್‌ಗೂ ಮಧ್ಯ ಮೂರು ಬೆರಳು ಅಗಲ ಸಂದು ಇದೆ, ಹೊಗೆ ಅಲ್ಲಿಂದ ನೇರ ಗೆರೆ ಎಳೆದಂಗೆ ಹೊರಗೆ ಚಿಮ್ತಾ ಇತ್ತು. "ನಿಮ್ ಕಾಲು ಇರೋದು ಇಲ್ಲೇ ಅಲ್ವಾ" ಅಂತ ಹೆಂಡ್ತಿ ಬೆರಳು ತೋರಿಸಿದ್ಲು. ಸೀಟಲ್ಲಿ ಕೂತು ನೋಡಿದೆ, ಹೊಗೆ ಬಂದು ಬಡೀತಾ ಇದ್ದಿದ್ದು ಆ ಕೆಂಪಾಗಿದ್ದ ಜಾಗಕ್ಕೇ. ಒಂದು ತಿಂಗಳು ಪೈಪಿಗೆ ಪಟ್ಟಿ ಸುತ್ತಿ ಹಾಳೆ ಅಂಟಿಸಿದ್ದು, ಐದು ರೂಪಾಯಿ ಊದುಬತ್ತೀಲಿ ಹತ್ತು ನಿಮಿಷಕ್ಕೆ ಉತ್ತರ ಸಿಕ್ತು.

6. ಏಪ್ರಿಲ್ 14 ಮತ್ತು 21: ಗಾಳಿ ತಿರುಗಿಸೋ ತಗಡು

ಹಳೇ ಮದುವೆ ಕಾರ್ಡಿನ ದಪ್ಪ ರಟ್ಟಲ್ಲಿ ಅಚ್ಚು ಕತ್ತರಿಸ್ಕೊಂಡೆ, ಮೂರು ಕಾರ್ಡ್ ಹಾಳಾಗಿ ನಾಲ್ಕನೇದು ಸರಿ ಕೂತ್ಕೊಂತು: 210 ಎಂಎಂ ಎತ್ತರ, ಮೇಲೆ 60 ಅಗಲ, ಕೆಳಗೆ 95. 1 ಎಂಎಂ ಅಲ್ಯೂಮಿನಿಯಂ ಶೀಟ್ ತುಂಡು 180 ರೂ. ತಗಡು ಕತ್ತರೀಲಿ ಕತ್ತರಿಸಿ, ಅಂಚು ಅರ ಹಾಕಿ, ಕಬ್ಬಿಣದ ಆಂಗಲ್ ಮೇಲಿಟ್ಟು ಮರದ ಸುತ್ತಿಗೇಲಿ ಬಡಿದು ಎರಡು ಕಡೆ ಮಡಚಿದೆ. ಪ್ಯಾನೆಲ್‌ನದೇ ಎರಡು 6 ಎಂಎಂ ಬೋಲ್ಟ್‌ಗೆ ಕೂರಿಸಿದೆ, ಮಧ್ಯೆ 12 ಎಂಎಂ ಬುಷ್ ಇಟ್ಟು, ಪ್ಯಾನೆಲ್‌ಗೂ ತಗಡಿಗೂ ಗಾಳಿ ಆಡೋ ಜಾಗ ಇರ್ಲಿ ಅಂತ. ಬೆಳ್ಳಿ ಹಾಳೇನ ಪ್ಲಾಸ್ಟಿಕ್‌ಗೇ ಅಂಟಿಸಿದಾಗ ಇಲ್ಲದೇ ಇದ್ದಿದ್ದು ಈ ಸಂದೇ. ಬುಷ್, ಬೋಲ್ಟ್, ಅಂಚಿಗೆ ರಬ್ಬರ್ ಬೀಡಿಂಗ್ ಎಲ್ಲ 160 ರೂ.

ಮೊದಲ ತಗಡು ಸಂದನ್ನ ಪೂರ್ತಿ ಮುಚ್ಚಿಬಿಡ್ತು. ಕಾಲಿಗೆ ಸ್ವರ್ಗ, 39 ಡಿಗ್ರಿ. ಆದ್ರೆ ಬಿಸಿಗಾಳಿಗೆ ಹೋಗೋಕೆ ದಾರಿ ಇಲ್ಲದೆ ಐಡಲ್‌ನಲ್ಲಿ ಫ್ಯಾನ್ ನಿಲ್ಲೋದೇ ಬಿಡ್ತು, 12 ನಿಮಿಷಕ್ಕೆ ಮೀಟರ್‌ನಲ್ಲಿ ಒಂದು ಕಡ್ಡಿ ಜಾಸ್ತಿ ಆಯ್ತು. ಕಾಲು ತಂಪಾಯ್ತು ಅಂತ ಹಾಗೇ ಬಿಟ್ಟಿದ್ರೆ ಇಂಜಿನ್ ಕೆಡ್ತಿತ್ತು, ಯಾರಾದ್ರೂ ಇದನ್ನ ಮಾಡೋರಿದ್ರೆ ತಗಡು ಹಾಕಿದ್ಮೇಲೆ ಫ್ಯಾನ್ ಟೈಮನ್ನ ಮತ್ತೆ ಅಳೀಲೇಬೇಕು. 21ನೇ ತಾರೀಕು ಕೆಳಗಡೆ 35 ಎಂಎಂ ಕತ್ತರಿಸಿ, ತುದೀನ ಹೊರಕ್ಕೆ ಸ್ವಲ್ಪ ಬಾಗಿಸಿ, ಗಾಳಿ ಫುಟ್‌ರೆಸ್ಟಿನ ಮುಂದೆ ನೆಲದ ಕಡೆ ಹೋಗೋಹಂಗೆ ಮಾಡ್ದೆ. ಮತ್ತೆ ಊದುಬತ್ತಿ. ಈ ಸಲ ಹೊಗೆ ಶೂ ಮುಂದಿನಿಂದ ಕೆಳಗೆ ಹೋಯ್ತು. ಫ್ಯಾನ್ 10ಕ್ಕೆ ನಾಲ್ಕೂಕಾಲು ನಿಮಿಷ, ಕಾಲಿಗೆ 44. 5,500 ಆರ್‌ಪಿಎಂ ಹತ್ರ ತಗಡು ಜುಂಯ್ ಅಂತಿತ್ತು, ಬೋಲ್ಟಿನ ಎರಡೂ ಕಡೆ ರಬ್ಬರ್ ವಾಷರ್ ಹಾಕಿದ್ಮೇಲೆ ನಿಂತೋಯ್ತು.

ಹಿಂದೆ ಕೂರೋರಿಗೆ ಸೈಲೆನ್ಸರ್ ಗಾರ್ಡ್ ಬಿಸಿ ತಾಗ್ತಿತ್ತು, ಗಾರ್ಡಿನ ಹಿಂದೆ 6 ಎಂಎಂ ದಪ್ಪದ ಸ್ಟೀಲ್ ವಾಷರ್ ಇಟ್ಟು ಪೈಪಿಂದ ದೂರ ಮಾಡಿದೆ, 20 ರೂಪಾಯೀಲಿ ಆ ತೊಂದ್ರೆ ಮುಗೀತು.

28ನೇ ತಾರೀಕು ಭಾನುವಾರ ಬೆಂಗಳೂರಲ್ಲಿ 38.5 ಡಿಗ್ರಿ ದಾಖಲಾಯ್ತಲ್ಲ, ಅವತ್ತು ಮಧ್ಯಾಹ್ನ ಬೇಕಂತ್ಲೇ ಸಿಲ್ಕ್ ಬೋರ್ಡ್ ಕಡೆ ಹೋಗಿ ಸಿಗ್ನಲ್ ಸಿಗ್ನಲ್‌ನಲ್ಲೂ ನಿಂತು ಬಂದೆ. ಅತಿ ಹೆಚ್ಚು 47. ಬಿಸಿ ಅನ್ಸುತ್ತೆ, ಸುಡಲ್ಲ.

7. ಸೀಟು

ಇದು ಮಧ್ಯದಲ್ಲೇ ಎರಡು ಶನಿವಾರ ನಡೀತು. ಜೆ.ಸಿ. ರೋಡಲ್ಲಿ ಸೀಟ್ ಕೆಲಸ ಮಾಡೋರ ಹತ್ರ ಹೋಗಿ, ಮೆತ್ತಗೆ ಬೇಕು ಅಂತ ನಾನೇ ಹಟ ಮಾಡಿ 40 ಎಂಎಂ ಸ್ಪಂಜ್ ಹಾಕ್ಸಿದೆ, 800 ರೂ. "ಅಣ್ಣ, ಮೆತ್ತಗಿರೋದು ಅಂಗಡೀಲಿ ಕೂತಾಗ ಚೆನ್ನಾಗಿರುತ್ತೆ, ನೂರು ಕಿಲೋಮೀಟರ್ ಆದ್ಮೇಲೆ ಹಲಗೆ ಮೇಲೆ ಕೂತಂಗಾಗುತ್ತೆ" ಅಂತ ಅವರು ಹೇಳಿದ್ರು, ಕೇಳ್ಲಿಲ್ಲ. ಅವರು ಹೇಳಿದಂಗೇ ಆಯ್ತು, ಮೇಲಾಗಿ ಸೀಟ್ ಎತ್ತರ ಆಗಿ ಟ್ರಾಫಿಕ್‌ನಲ್ಲಿ ಎರಡೂ ಪಾದ ನೆಲಕ್ಕೆ ಸಿಗ್ತಿರ್ಲಿಲ್ಲ. ಮುಂದಿನ ಶನಿವಾರ ವಾಪಸ್ ಹೋದೆ, ಅವರು ಏನೂ ಅನ್ನದೆ ಸ್ಪಂಜ್ ಕಿತ್ತು, ಹಿಂದಿನ ಭಾಗಕ್ಕೆ ಮಾತ್ರ 20 ಎಂಎಂ ಗಟ್ಟಿ ರೀಬಾಂಡ್ ಫೋಮ್ ಅಂಟಿಸಿ, ಮುಂದಿನ ಮೂತಿ ಎರಡೂ ಕಡೆ ಕೊರೆದು ಕಿರಿದು ಮಾಡಿ, ರೆಕ್ಸಿನ್ ಮೇಲೆ ಗಾಳಿ ಆಡೋ ನೆಟ್ ಕವರ್ ಹಾಕಿ ಕೊಟ್ರು. ಇದು 1,400 ರೂ. ಮೂತಿ ಕಿರಿದಾಗಿದ್ದಕ್ಕೆ ತೊಡೆ ಫ್ರೇಮಿಗೆ ಒತ್ಕೊಳ್ಳೋದೂ ಕಮ್ಮಿ ಆಯ್ತು, ಇದು ನಾನು ಯೋಚ್ನೆ ಮಾಡಿರದೇ ಇದ್ದ ಲಾಭ. ಬಿಸಿ ಲೋಹಕ್ಕೆ ಮೈ ತಾಗ್ದೇ ಇದ್ರೆ ಅರ್ಧ ಸುಸ್ತು ಹೋಗುತ್ತೆ.

8. ಮೇ 5, ಭಾನುವಾರ: ಕುಷ್ಟಗಿ

ಬೆಳಗ್ಗೆ ನಾಲ್ಕೂವರೆಗೆ ಬಿಟ್ವಿ. ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದಲ್ಲಿ ತಿಂಡಿ, ಅಲ್ಲಿವರೆಗೂ ತಂಪೇ. ಕೂಡ್ಲಿಗಿ ದಾಟ್ತಿದ್ದಂಗೆ ಗಾಳಿ ಒಲೆ ಬಾಗಿಲು ತೆಗೆದಂಗೆ ಆಯ್ತು. ಹೊಸಪೇಟೆ ಹತ್ರ ತುಂಗಭದ್ರಾ ಡ್ಯಾಮಿನ ಹಿನ್ನೀರು ಎಲ್ಲೋ ದೂರಕ್ಕೆ ಸರಿದು ಬರೀ ಒಡೆದ ಮಣ್ಣು ಕಾಣ್ತಿತ್ತು, ಮನಸ್ಸಿಗೆ ಕಷ್ಟ ಆಯ್ತು.

ಇಂಥ ಕಡೆ ಜಾಕೆಟ್ ಬಿಚ್ಚಿ ಓಡಿಸ್ಬೇಡಿ. ಗಾಳೀನೇ ಮೈಗಿಂತ ಬಿಸಿ ಇದ್ದಾಗ ಅದು ಬಡಿದಷ್ಟೂ ಮೈ ಕಾಯುತ್ತೆ. ನಾವಿಬ್ರೂ ಕಾಟನ್ ಬನಿಯನ್, ಶರ್ಟ್ ಪೂರ್ತಿ ನೆನೆಸಿ ಹಿಂಡಿ ಹಾಕ್ಕೊಂಡು, ಮೇಲೆ ಜಾಕೆಟ್ಟಿನ ಜಿಪ್ ಕತ್ತಿನ ಹತ್ರ ಎರಡಿಂಚು ಮಾತ್ರ ಬಿಟ್ವಿ, ಕುತ್ತಿಗೆಗೆ ಒದ್ದೆ ಟವೆಲ್. ಅಲ್ಲಿನ ಒಣಹವೆಗೆ 35, 40 ನಿಮಿಷದಲ್ಲಿ ಎಲ್ಲ ಒಣಗುತ್ತೆ, ನಿಲ್ಸಿ ಮತ್ತೆ ನೆನೆಸ್ಬೇಕು, ಜೊತೆಗೆ ಓಆರ್‌ಎಸ್, ಮಜ್ಜಿಗೆ. ಹೋದ ವರ್ಷ ಕುಂದಾಪುರದ ಕಡೆ ಇದನ್ನೇ ಮಾಡಿ ನೋಡಿದ್ದೆ, ಅಲ್ಲಿ ಬಟ್ಟೆ ಒಣಗೋದೂ ಇಲ್ಲ, ತಂಪೂ ಆಗಲ್ಲ, ಕರಾವಳಿಗೆ ಈ ಉಪಾಯ ಅಲ್ಲ.

ಎಲೆಕ್ಷನ್ ಚೆಕ್‌ಪೋಸ್ಟ್ ಒಂದ್ರಲ್ಲಿ ಸಾಲು ಇತ್ತು, ಹದಿನೈದು ನಿಮಿಷ ಇಂಚಿಂಚೇ. ಫ್ಯಾನ್ ಆನ್ ಆಯ್ತು, ಕಾಲಿನ ಮಲ್ಟಿಮೀಟರ್ ನೋಡ್ತಾನೇ ಇದ್ದೆ, 45, 47, 49, ಅಲ್ಲೇ ನಿಂತ್ಕೊಂತು. ಹೊರಗೆ ನಲವತ್ತು ದಾಟಿತ್ತು. ಹಳೇ ಲೆಕ್ಕದಲ್ಲಿ 65 ಆಗ್ಬೇಕಿತ್ತು. ಹನ್ನೆರಡೂವರೆಗೆ ಊರು ಮುಟ್ಟಿದ್ವಿ, ಅವ್ವ ಬಾಗಿಲಲ್ಲೇ, "ಯಪ್ಪಾ, ಈ ಬಿಸಲಾಗ ಗಾಡಿ ಮ್ಯಾಲೆ ಯಾಕ ಬಂದ್ರೋ, ಬಸ್ಸಿಗೆ ಬರಾಕ ಏನಾಗಿತ್ತು" ಅಂತ ಬೈದು ತಂಬಿಗೆ ನೀರು ಕೊಟ್ಲು. ನಾನು ಮೊದ್ಲು ಪ್ಯಾಂಟ್ ಮೇಲಕ್ಕೆ ಮಡಚಿ ಕಾಲು ನೋಡ್ಕೊಂಡೆ. ಏನೂ ಇಲ್ಲ, ಬರೀ ಬೆವರು.

9. ಮೇ 7: ಬಿರುಕು

ವೋಟು ಹಾಕಿ ಬಂದು ವಾಪಸ್ ಹೊರಡೋಕೆ ಮುಂಚೆ ಗಾಡಿ ಒರೆಸ್ತಾ ಇದ್ದಾಗ ತಗಡಿನ ಮೇಲಿನ ಬೋಲ್ಟ್ ಹತ್ರ ಕೂದಲೆಳೆಯಷ್ಟು ಬಿರುಕು ಕಾಣ್ತು, ಸುಮಾರು 14 ಎಂಎಂ. ಊರಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರೋ ಕಾಕಾನ ಮನೆಗೆ ಒಯ್ದೆ. ಬೆರಳಾಡಿಸಿ ನೋಡಿ, "ಮಡಚಿದ ಗೆರಿಗೆ ಹತ್ತೇ ತೂತು ಹಾಕೀಯಲ್ಲೋ ತಮ್ಮಾ, ಅಲ್ಲೇ ಸೀಳೇತಿ ನೋಡು, ತಾಳಂಗಿಲ್ಲ ಅದು" ಅಂದ್ರು. ಹೌದು, ಮಡಿಕೆಯಿಂದ 4 ಎಂಎಂಗೇ ತೂತು ಹಾಕಿದ್ದೆ, 400 ಕಿ.ಮೀ. ಅದುರಿಗೆ ಅಲ್ಲೇ ಬಿಟ್ಕೊಂಡಿದೆ. ಬಿರುಕಿನ ತುದೀಲಿ 3 ಎಂಎಂ ತೂತು ಕೊರೆದು ಅದು ಮುಂದೆ ಓಡದಂಗೆ ಮಾಡಿ, ಹಿಂದೆ ಒಂದು ತಗಡಿನ ಪಟ್ಟಿ ಇಟ್ಟು ಎರಡು ರಿವಿಟ್ ಹೊಡೆದು ಕೊಟ್ರು, ದುಡ್ಡು ತಗೊಳ್ಳಲಿಲ್ಲ. ಅದರಲ್ಲೇ ಬೆಂಗಳೂರಿಗೆ ಬಂದೆ, ಬಿರುಕು ಬೆಳೆದಿಲ್ಲ.

ಈಗ 1.5 ಎಂಎಂ ಶೀಟ್ ತಂದಿಟ್ಟಿದ್ದೀನಿ, ತೂತು ಮಡಿಕೆಯಿಂದ 12 ಎಂಎಂ ದೂರ, ಮಡಿಕೆ ಒಳಗೆ ಚೂಪಾಗಿ ಬಡಿಯದೆ ದುಂಡಗೆ ಬಾಗಿಸ್ಬೇಕು. ಅಚ್ಚಿನ ರಟ್ಟು ಹಾಗೇ ಎತ್ತಿಟ್ಟಿದ್ದೀನಿ, ಮಳೆಗಾಲ ಶುರುವಾಗೋ ಮುಂಚೆ ಕೂರಿಸಿ, ಫ್ಯಾನ್ ಟೈಮ್ ಮತ್ತೊಂದು ಸಲ ಅಳೀಬೇಕು.